ಆಲೆಮನೆಯ ಇಂಜಿನ್ನಿನ ಮೇಲೆ ನಾನು ಹೊರಿಸಿದ ತಪ್ಪು

ನನ್ನ ಭಾವನನ್ನು, ಅಂದರೆ ಅಕ್ಕನ ಗಂಡನನ್ನು, ನಲವತ್ತು ವರ್ಷ ಮನಸ್ಸಿನೊಳಗೇ ದ್ವೇಷಿಸಿದವನು ನಾನು. ಅವರು ನರಸೀಪುರದಲ್ಲಿ ರೆವಿನ್ಯೂ ಇಲಾಖೆಯಿಂದ ನಿವೃತ್ತರಾದವರು. ನಾನು ದೇವನೂರಿನವನು, ಹೈಸ್ಕೂಲು ಮುಗಿಸಿ ಬೋರ್‌ವೆಲ್ ಮೋಟಾರು ಎತ್ತಿ ಇಳಿಸುವ ಕೆಲಸ ಹಿಡಿದವನು. ಅವರ ಮನೆಗೆ ಹೋದರೆ ಕುರ್ಚಿಯ ಮೇಲೆ ಪೇಪರ್ ಹಾಸಿ ಕೂರಿಸುತ್ತಿದ್ದರು, ಗ್ರೀಸ್ ಅಂಟೀತೆಂದು. ಒಗೆದ ಪಂಚೆ ಉಟ್ಟು ಹೋದ ಹಬ್ಬದ ದಿನವೂ ಪೇಪರ್ ಹಾಸಿರುತ್ತಿತ್ತು.

ಅವರ ಹತ್ತಿರ ಎರಡೇ ಬಾಗಿಲಿನ ಹಳೆಯ ಕಾರೊಂದಿತ್ತು. ಅದನ್ನು ಮಾಡಿದ ಕಂಪನಿಯೇ ಈಗಿಲ್ಲ. ಕೊರೊನಾ ಕಾಲದಲ್ಲಿ ನಿಂತಲ್ಲೇ ನಿಂತು ಅದರ ಇಂಜಿನ್ ತಿರುಗದಂತೆ ಹಿಡಿದುಕೊಂಡಿತು. ಅದೇ ಹೊತ್ತಿಗೆ ಭಾವನ ಕಣ್ಣು ಮಂಜಾಗುತ್ತಾ ಬಂತು. ವರ್ಷ ತುಂಬುವುದರೊಳಗೆ ಗಾಡಿ ಓಡಿಸುವುದು ಬಿಡಬೇಕಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಷ್ಟರೊಳಗೆ ಅಕ್ಕನನ್ನು ಪಕ್ಕದಲ್ಲಿ ಕೂರಿಸಿಕೊಂಡು ನಂಜನಗೂಡಿನವರೆಗೆ ಒಂದು ಸಲ ತಾವೇ ಓಡಿಸಬೇಕೆಂದು ಅವರ ಆಸೆ.

ಹುಲ್ಲಹಳ್ಳಿಯ ಅವರ ಬಾಲ್ಯದ ಗೆಳೆಯರೊಬ್ಬರ ಮನೆಯಲ್ಲಿ ಹಿಂದೆ ಅದೇ ಜಾತಿಯ ಕಾರಿತ್ತು. ಕಾರು ತುಕ್ಕು ಹಿಡಿದು ಹೋದ ಮೇಲೆ ಅದರ ಇಂಜಿನ್ನಿಗೆ ಬೆಲ್ಟ್ ಹಾಕಿ ಆಲೆಮನೆಯಲ್ಲಿ ಕಬ್ಬು ಅರೆಯುತ್ತಿದ್ದರು. ಗೆಳೆಯರು ಅದನ್ನು ಬಿಚ್ಚಿ, ಕಾಸು ಕೇಳದೆ ಕಳಿಸಿಕೊಟ್ಟರು.

ಕೂರಿಸುವ ಕೆಲಸ ನಾನೇ ಮಾಡುತ್ತೇನೆಂದೆ. ಕಾರಿನ ಇಂಜಿನ್ ನಾನು ಅದುವರೆಗೆ ಮುಟ್ಟಿದವನಲ್ಲ. ಆದರೆ ಪೇಪರ್ ಹಾಸಿದ ಮನುಷ್ಯ ನನ್ನ ಕೈ ನೋಡಿಕೊಂಡು ನಿಲ್ಲಬೇಕೆಂಬ ಆಸೆ ನನಗೆ. ಬೋರಿನ ಮೋಟಾರು ಎತ್ತುವ ಮೂರು ಕಾಲಿನ ಕಂಬ, ಚೈನ್ ಪುಲ್ಲಿ ತಂದು ಅಂಗಳದಲ್ಲಿ ನಿಲ್ಲಿಸಿದೆ. ಭಾವ ಕಾರಿನ ಇಂಗ್ಲಿಷ್ ಪುಸ್ತಕವನ್ನು ಮೂಗಿಗೆ ಹತ್ತಿರ ಹಿಡಿದು ಓದಿದರು.

“ಗೇರ್ ಬಾಕ್ಸ್ ಕೆಳ್ಗೆ ಜಾಕ್ ಕೊಡ್ಬೇಕಂತೆ. ಇಂಜಿನ್ ಭಾರ ಶಾಫ್ಟ್ ಮ್ಯಾಲೆ ಬಿಡ್ಬಾರ್ದಂತೆ. ನಿಂಗರ್ಥ ಆಗ್ಲಿ ಅಂತ ಕನ್ನಡದಲ್ಲೇ ಹೇಳ್ತಿದ್ದೀನಿ ಕಣಯ್ಯ.”

ಆ ಕೊನೆಯ ಮಾತು ನನ್ನನ್ನು ಸುಟ್ಟಿತು.

ಮರುದಿನ ಅವರು ಮೈಸೂರಿಗೆ ಕಣ್ಣು ತೋರಿಸಲು ಹೋದಾಗ ನಾನು ಹಳೆಯ ಇಂಜಿನ್ ಎತ್ತಿ ತೆಗೆದು, ಹುಲ್ಲಹಳ್ಳಿಯದನ್ನು ಕಾರಿನೊಳಗೆ ಇಳಿಸಿದೆ. ಜಾಕ್ ಕೊಡಲಿಲ್ಲ. ಬೋರಿನಲ್ಲಿ ಮೋಟಾರು ತನ್ನ ಭಾರಕ್ಕೆ ತಾನೇ ನೆಟ್ಟಗಾಗಿ ಇಳಿಯುತ್ತದೆ, ಇದೂ ಹಾಗೆಯೇ ಎಂದುಕೊಂಡೆ. ಗೇರ್ ಬಾಕ್ಸಿನ ಶಾಫ್ಟು ಇಂಜಿನ್ನಿನ ಕ್ಲಚ್ಚಿನೊಳಗೆ ಅರ್ಧ ಹೊಕ್ಕಿತ್ತು. ಚೈನ್ ಸಡಿಲ ಬಿಟ್ಟು, ಭಾರವೆಲ್ಲ ಅದರ ಮೇಲೆ ಹಾಕಿ, ಊಟಕ್ಕೆ ಹೋದೆ.

ಸಂಜೆ ಇಂಜಿನ್ ಒಂದೇ ತಿರುವಿಗೆ ಸ್ಟಾರ್ಟ್ ಆಯಿತು. ಗೇರ್ ಮಾತ್ರ ಬೀಳಲಿಲ್ಲ, ಕರಕರ ಎಂದಿತು. ಬಿಚ್ಚಿ ನೋಡಿದರೆ ಕ್ಲಚ್ ಪ್ಲೇಟು ಹಪ್ಪಳದ ಹಾಗೆ ಡೊಂಕಾಗಿತ್ತು. ಹಳೆಯ ಇಂಜಿನ್ನಿನದು ಆಗಲೇ ಸವೆದುಹೋಗಿತ್ತು, ಅಂಥ ಪ್ಲೇಟು ಬೇರೆಲ್ಲೂ ಸಿಗುವಂಥದ್ದಲ್ಲ. ಅದನ್ನು ಚೀಲದಲ್ಲಿ ಸುತ್ತಿ ತೆಗೆದುಕೊಂಡು ಹೋಗಿ ಕಪಿಲಾ ಹೊಳೆಗೆ ಎಸೆದೆ.

ಭಾವ ಬಂದಾಗ ಗೇರ್ ಬೀಳುತ್ತಿಲ್ಲವೆಂದೆ. ಅವರು ಒಂದೇ ಪ್ರಶ್ನೆ ಕೇಳಿದರು.

“ಜಾಕ್ ಕೊಟ್ಟಿದ್ದಾ?”

“ಕೊಟ್ಟಿದ್ದೆ ಬಾವ. ಇಂಜಿನ್ನೇ ಸರಿಯಿಲ್ಲ. ಬೆಲ್ಟ್ ಎಳ್ದು ಎಳ್ದು ಅದರ ಶಾಫ್ಟ್ ಡೊಂಕಾಗ್ಬುಟ್ಟದೆ. ನಿಮ್ ಫ್ರೆಂಡು ಗೊತ್ತಿದ್ದೇ ತಲೆಗೆ ಕಟ್ಟವ್ರೆ.”

ಅವರು ನಂಬಿದರು. ಅವರನ್ನು ಸ್ಕೂಟರಿನಲ್ಲಿ ಹುಲ್ಲಹಳ್ಳಿಗೆ ಕರೆದುಕೊಂಡು ಹೋದವನೂ ನಾನೇ. ಭಾವ ಗೆಳೆಯರ ಮನೆ ಬಾಗಿಲಲ್ಲಿ ನಿಂತು, ಕೆಟ್ಟ ಇಂಜಿನ್ ದಾಟಿಸಿದ ಕಳ್ಳ ಎಂದು ಕೂಗಿದರು. ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ. ಒಳಗೊಳಗೇ ಖುಷಿಯಾಗಿತ್ತು ಎಂದು ಬರೆಯಲು ಈಗ ನಾಚಿಕೆಯಾಗುತ್ತದೆ.

ಗೆಳೆಯರು ಇಂಜಿನ್ ವಾಪಸ್ ಒಯ್ದರು. ಕಾರನ್ನು ಗುಜರಿಯವನು ಎಳೆದುಕೊಂಡು ಹೋದ. ವರ್ಷ ತಿರುಗುವುದರೊಳಗೆ ಭಾವನಿಗೆ ಎದುರಿಗಿದ್ದವರ ಮುಖವೂ ಕಾಣದಾಯಿತು.

ಹೋದ ಸುಗ್ಗಿಯಲ್ಲಿ ಹುಲ್ಲಹಳ್ಳಿಯ ಬಸ್ಸಿನಲ್ಲಿ ಕೂತಿದ್ದೆ. ಆಲೆಮನೆಯ ಹತ್ತಿರ ಬಸ್ಸು ನಿಂತಾಗ ಆ ಇಂಜಿನ್ನಿನ ಸದ್ದು ಕೇಳಿತು. ಎಲ್ಲೂ ತಡವರಿಸದೆ ಒಂದೇ ಸಮನೆ ಓಡುತ್ತಿತ್ತು. ಮನೆಗೆ ಬಂದರೂ ಕಿವಿಯಿಂದ ಹೋಗಲಿಲ್ಲ. ಮೂರನೆಯ ದಿನ ನರಸೀಪುರಕ್ಕೆ ಹೋಗಿ ಭಾವನ ಮುಂದೆ ಎಲ್ಲ ಹೇಳಿದೆ. ಕುರ್ಚಿಯ ಮೇಲೆ ಅವತ್ತು ಪೇಪರ್ ಇರಲಿಲ್ಲ. ಹಾಸಲು ಅವರಿಗೆ ಕಣ್ಣು ಕಾಣುತ್ತಿರಲಿಲ್ಲ.

ಅಕ್ಕ ಕಾಫಿ ತಂದಳು.

“ಒಳಿಕ್ ತಗೊಂಡೋಗೆ ಅದನ್ನ,” ಎಂದರು ಭಾವ. ಆಮೇಲೆ ನನ್ನ ಕಡೆ ಮುಖ ಮಾಡಿದರು. “ನಂಗೇಳಿ ಏನ್ ಬಂತು? ನನ್ ಬಾಯಲ್ಲಿ ಕಳ್ಳ ಅನ್ನುಸ್ಕಂಡೋನು ಹುಲ್ಲಳ್ಳೀಲವ್ನೆ. ಅವ್ನಿಗೇಳು. ಹೇಳೋಗಂಟ ಈ ಬಾಗ್ಲು ತುಳೀಬ್ಯಾಡ.”

ಅಕ್ಕ ಲೋಟ ಒಳಗೆ ಒಯ್ದಳು. ನನ್ನ ಕಡೆ ತಿರುಗಿ ನೋಡಲಿಲ್ಲ.

ನರಸೀಪುರದಿಂದ ನಂಜನಗೂಡು, ಅಲ್ಲಿಂದ ಹುಲ್ಲಹಳ್ಳಿ. ಆಲೆಮನೆಯಲ್ಲಿ ಕೊಪ್ಪರಿಗೆ ತುಂಬ ಕಬ್ಬಿನ ಹಾಲು ಕುದಿಯುತ್ತಿತ್ತು, ಇಂಜಿನ್ ಓಡುತ್ತಿತ್ತು. ಗೆಳೆಯರು ಹಲಗೆಯ ಮೇಲೆ ಕೂತಿದ್ದರು. ಹತ್ತಿರ ಹೋಗಿ ಮೆಲ್ಲಗೆ ಶುರುಮಾಡಿದೆ. ಅವರು ಕಿವಿಗೆ ಕೈ ಇಟ್ಟು, ಜೋರಾಗಿ ಹೇಳಿ ಎಂದು ಸನ್ನೆ ಮಾಡಿದರು. ಇಂಜಿನ್ ನಿಲ್ಲಿಸುವ ಯೋಚನೆ ಅವರಿಗಿರಲಿಲ್ಲ.

“ಇಂಜಿನ್ ಚೆನ್ನಾಗಿತ್ತು. ಕ್ಲಚ್ ಕೆಡಿಸ್ದೋನು ನಾನು. ಬಾವನ್ಗೆ ಸುಳ್ಳೇಳ್ದೆ,” ಎಂದು ಕೂಗಿದೆ. ಗಾಣಕ್ಕೆ ಕಬ್ಬು ಕೊಡುತ್ತಿದ್ದವನೂ ಪಾಕ ತಿರುವುತ್ತಿದ್ದವನೂ ತಿರುಗಿ ನೋಡಿದರು.

ಗೆಳೆಯರು ಎದ್ದು ಬಂದು ನನ್ನ ಕಿವಿಯ ಹತ್ತಿರ ಹೇಳಿದರು: “ಅವತ್ತು ನೀವೂ ಅವನ ಪಕ್ದಲ್ಲೇ ನಿಂತಿದ್ರಿ, ಅಲ್ವಾ?”

“ನಿಂತಿದ್ದೆ,” ಎಂದೆ.

ಅದು ಅವರಿಗೆ ಕೇಳಲಿಲ್ಲ. ಮತ್ತೊಮ್ಮೆ ಕೂಗಿ ಹೇಳಬೇಕಾಯಿತು.