ಅವ್ವ ಬಿಟ್ಟ ಹೆಸರು

ನಾನು ರ‍್ಯಾಪ್ ಹಾಡುತ್ತೇನೆ ಎಂದರೆ ತರೀಕೆರೆಯಲ್ಲಿ ನಾನು ಕೆಲಸ ಮಾಡುವ ಮೊಬೈಲ್ ಅಂಗಡಿಯ ಮಾಲೀಕರು ಈಗಲೂ ನಗುತ್ತಾರೆ. ನಗಲಿ. ಒಂದು ಆಲ್ಬಮ್ ಮುಗಿಸಲು ನನಗೆ ವರ್ಷಗಳೇ ಹಿಡಿದವು. ಅದಕ್ಕೆ ಅರ್ಧ ಕಾರಣ ನನ್ನ ಸೋಮಾರಿತನ. ಇನ್ನರ್ಧ, ನಡುವೆ ನನ್ನ ನಂಬಿಕೆಯೇ ಬದಲಾದದ್ದು.

ಶುರು ಮಾಡಿದಾಗ ನಾನು ಪಕ್ಕಾ ಮಾರಮ್ಮನ ಭಕ್ತ. ಮೊದಲ ಹಾಡೇ ಅವಳ ಮೇಲೆ. ರಾಗಿ ಹೊಲದಲ್ಲಿ ಕಳೆ ಕೀಳುವಾಗ ಹಾಡುವ ಧಾಟಿಯಲ್ಲಿ ನನ್ನ ಅವ್ವ ಮಾರಮ್ಮನನ್ನು ಹೆಸರು ಹಿಡಿದು ಕರೆಯುತ್ತಾಳೆ, ಹಿಂದೆಯೇ ನಾನು ಏದುಸಿರು ಬಿಡುತ್ತ ಹೊಗಳಿಕೆ ಸುರಿಯುತ್ತೇನೆ. ಕೇಳಿದವರು ಅವ್ವನನ್ನೇ ಮೆಚ್ಚಿದರು, ಅದು ಬೇರೆ ಮಾತು.

ಆಮೇಲೆ ಕಡೂರಿನಲ್ಲಿ ಪುಟ್ಟ ಸ್ಟುಡಿಯೋ ಇಟ್ಟಿರುವ ಗೆಳೆಯನ ಜೊತೆ ಓದು, ಚರ್ಚೆ, ಜಗಳ ಎಲ್ಲ ಆಗಿ, ಇಬ್ಬರೂ ಬೌದ್ಧ ದೀಕ್ಷೆ ತೆಗೆದುಕೊಂಡೆವು. ಇನ್ನು ದೇವರುಗಳನ್ನು ಪೂಜಿಸುವುದಿಲ್ಲ ಎಂದು ಪ್ರತಿಜ್ಞೆ ಮಾಡಿದೆವು. ಮನಸ್ಸು ಹಗುರಾಯಿತು. ನಿಜ ಹೇಳಬೇಕೆಂದರೆ ಸ್ವಲ್ಪ ಕೊಬ್ಬೂ ಬಂತು. ಅಜ್ಜಂಪುರದಿಂದ ತರೀಕೆರೆಗೆ ಹೋಗುವ ಬಸ್ಸಿನಲ್ಲಿ ಬರೆದ ಉಳಿದ ಹಾಡುಗಳಲ್ಲೆಲ್ಲ ಬುದ್ಧ, ನಮ್ಮ ಕೇರಿ, ನಮ್ಮ ಸಿಟ್ಟು.

ಮೊದಲ ಹಾಡನ್ನು ಮಾತ್ರ ಕಿತ್ತುಹಾಕಲು ಮನಸ್ಸು ಬರಲಿಲ್ಲ. ಹೊಗಳಿಕೆ ತೆಗೆದು ಪ್ರಶ್ನೆ ಬರೆದೆ: ಗುಡಿಯ ಮೆಟ್ಟಿಲ ಕೆಳಗೆ ನಮ್ಮವರನ್ನು ನಿಲ್ಲಿಸಿದಾಗ ನೀನು ಎಲ್ಲಿದ್ದೆ, ತಾಯಿ? ಬೀಟಿನ ವೇಗವೂ ಬದಲಾಗಿದ್ದರಿಂದ ಅವ್ವನ ಕರೆ ಹೊಸದಾಗಿ ಬೇಕಿತ್ತು. ಅವಳನ್ನು ಕರೆದ ಮೇಲೆ ತಾನೇ ಪ್ರಶ್ನೆ ಕೇಳುವುದು?

ಒಂದು ಭಾನುವಾರ ಮಧ್ಯಾಹ್ನ ಮನೆಯಲ್ಲೇ ಮೈಕ್ ಹಿಡಿದೆ. ಅವ್ವ ಹಾಡಿದಳು. ಧಾಟಿ ಅದೇ. ಆದರೆ ಮಾರಮ್ಮನ ಹೆಸರು ಬರುವ ಕಡೆ ತುಟಿ ಮುಚ್ಚಿ ಬರೀ ಚಪ್ಪಾಳೆ ತಟ್ಟಿದಳು. ಮರೆತಳೇನೋ ಎಂದು ಇನ್ನೊಮ್ಮೆ ಹಾಡಿಸಿದೆ. ಮತ್ತೆ ಚಪ್ಪಾಳೆ.

"ಹೆಸ್ರು ಹೇಳವ್ವ."

"ನೀನು ಬಿಟ್ಟಿದೀಯಲ್ಲ ಕಣೋ."

"ಬಿಟ್ಟಿರೋನು ನಾನು. ನಿಂಗೇನು?"

"ಡಾಕ್ಟ್ರು ಉಪ್ಪು ಬಿಡು ಅಂದಿದ್ದು ನಿಮ್ಮಪ್ಪಂಗೆ. ಅವ್ರು ಇರೋಗಂಟ ನಾನೂ ಸಪ್ಪೆ ಸಾರೇ ಉಣ್ಣಲಿಲ್ವಾ?"

ಆಗ ಅಡುಗೆಮನೆಯ ಗೋಡೆ ನೋಡಿದೆ. ಮಾರಮ್ಮನ ಪಟ ಇರಲಿಲ್ಲ. ನಾನು ದೀಕ್ಷೆ ತೆಗೆದುಕೊಂಡು ಬಂದ ವಾರವೇ ಹಳೇ ಸೀರೆಯಲ್ಲಿ ಸುತ್ತಿ ಟ್ರಂಕಿಗೆ ಹಾಕಿದ್ದಳಂತೆ. ನನಗೆ ಸಂಕಟವಾಯಿತು. ನಾನು ಓದಿ, ಜಗಳವಾಡಿ, ತಲೆ ಕೆಡಿಸಿಕೊಂಡು ಬಿಟ್ಟಿದ್ದನ್ನು ಅವಳು ಮಗ ಬಿಟ್ಟ ಎಂಬ ಒಂದೇ ಕಾರಣಕ್ಕೆ ಬಿಟ್ಟಿದ್ದಳು. ಅಪ್ಪ ಸತ್ತ ಮೇಲೆ ಅವಳು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ಆ ಪಟದ ಜೊತೆ. ಈಗ ಯಾರ ಜೊತೆ ಮಾತಾಡುತ್ತಿದ್ದಳೋ.

ಕಡೂರಿನ ಗೆಳೆಯನಿಗೆ ಫೋನ್ ಮಾಡಿ, ಪಟವನ್ನು ಮತ್ತೆ ಗೋಡೆಗೆ ಹಾಕುತ್ತೇನೆ ಎಂದೆ.

"ಲೇ, ಪಟ ನೀನೇ ನೇತಾಕಿದ್ರೆ ಪ್ರತಿಜ್ಞೆ ಗತಿ ಏನೋ?" ಎಂದ.

"ಪೂಜೆ ಮಾಡಲ್ಲ ಅಂದಿದೀನಿ. ಮೊಳೆ ಹೊಡಿಯಲ್ಲ ಅಂದಿಲ್ಲ."

ಅವನು ನಕ್ಕುಬಿಟ್ಟ.

ಮೊಳೆ ಹೊಡೆದು ಪಟ ನೇತುಹಾಕಿದೆ. ಅವ್ವ ಬ್ಯಾಡ ಬ್ಯಾಡ ಎನ್ನುತ್ತಲೇ ಸೆರಗಿನಿಂದ ಗಾಜು ಒರೆಸಿದಳು, ದೀಪ ಹಚ್ಚಿದಳು. ನಾನು ಹೊಸ್ತಿಲಾಚೆ ಕೂತು ಮೈಕನ್ನು ಒಳಗೆ ಚಾಚಿದೆ. ಈ ಸಲ ಹೆಸರು ಮನೆ ತುಂಬ ಕೇಳಿಸಿತು. ಹಾಡು ಮುಗಿದರೂ ಅವಳು ನಿಲ್ಲಿಸಲಿಲ್ಲ, ನಾನೂ ಮೈಕ್ ಆಫ್ ಮಾಡಲಿಲ್ಲ. ಪಟದ ಕಡೆ ತಿರುಗಿ, ಪಕ್ಕದ ಮನೆಯವಳನ್ನು ಕೇಳುವ ಹಾಗೆ ಕೇಳಿದಳು:

"ಅಲ್ಲ ಕಣೇ ಮಾರವ್ವ, ಮೆಟ್ಲು ಕೆಳಗೆ ನಿಂತ್ಕಂಡು ಕರ್ದು ಕರ್ದು ನಂಗೆ ವಯಸ್ಸೇ ಆಗೋಯ್ತು. ಒಂದಿನನಾದ್ರೂ ನೀನೇ ಇಳಿದು ಬರಬೋದಿತ್ತಲ್ಲ?"

ನಾನು ಬರೆದ ಸಾಲನ್ನು ಅವಳಿಗೆ ಓದಿ ಹೇಳಿರಲಿಲ್ಲ. ಆಲ್ಬಮ್‌ನ ಆ ಹಾಡಿನಲ್ಲಿ ಈಗ ನನ್ನ ದನಿ ಇಲ್ಲ.