ಉಡಿ ತುಂಬಿಸಿಕೊಂಡು ಸಹಿ ಮಾಡದವಳು

ನಮ್ಮ ಕಡೆ ಹೆಣ್ಣುಮಕ್ಕಳ ಪಾಲಿನ ಹೊಲ ಬರೆಸಿಕೊಳ್ಳುವುದಕ್ಕೆ ಒಂದು ಕ್ರಮವಿದೆ. ಮೊದಲು ಉಡಿ ತುಂಬಬೇಕು. ಸೀರೆ, ಕುಬಸದ ಕಣ, ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಬೇರು. ಆಮೇಲೆ ಕಾಗದ ಮುಂದಿಡುತ್ತಾರೆ. ತುಂಬಿದ ಉಡಿ ಹಿಡಿದುಕೊಂಡು ಯಾವಳೂ ತವರಿಗೆ ಇಲ್ಲ ಅನ್ನುವುದಿಲ್ಲ. ನಾನೂ ಅನ್ನಲಿಲ್ಲ. ಹೆಬ್ಬೆಟ್ಟು ಒತ್ತಿದೆ, ಅಪ್ಪನ ಹೊಲ ಅಣ್ಣಂದಿರಿಗೆ ಹೋಯಿತು. ಅವರು ಕೊಟ್ಟ ಹಸಿರು ಸೀರೆ ಎರಡು ವರ್ಷ ಬಂತು. ಆಮೇಲೆ ಹರಿದು ಕೌದಿಗೆ ಹಾಕಿದೆ.

ನನ್ನ ಹಿರಿಯ ಮಗ, ಅವನ ಹೆಂಡತಿ ಇಬ್ಬರೂ ಈಗ ಇಲ್ಲ. ಅವರ ಮಗಳನ್ನು ನಾನೇ ಸಾಕಿದೆ. ಕೊಟ್ಟೂರಿನಲ್ಲಿ ಓದಿ, ಈಗ ಹರಪನಹಳ್ಳಿಯ ಒಂದು ಸಣ್ಣ ಸ್ಕೂಲಿನಲ್ಲಿ ಪಾಠ ಹೇಳುತ್ತಾಳೆ. ನನಗೆ ನಾಲ್ಕು ಅಕ್ಷರ ಕಲಿಸಿದವಳೂ ಅವಳೇ. ನಾನು ಬರೆದ ಇದರಲ್ಲಿ ತಪ್ಪಿದ್ದರೆ ಅದು ಅವಳ ತಪ್ಪು.

ಭಾನುವಾರ ಬಂದಳೆಂದರೆ ನಾನು ಶೇಂಗಾ ಸುಲಿಯುತ್ತ ಕೂರುವುದು, ಅವಳು ಪೇಪರ್ ಓದುವುದು. ಎಲ್ಲೋ ಒಬ್ಬಳನ್ನು ಗಂಡ ಕೊಂದ. ಎಲ್ಲೋ ಪಂಚಾಯ್ತಿ ಅಧ್ಯಕ್ಷೆ ಹೆಂಡತಿ, ಕುರ್ಚಿಯಲ್ಲಿ ಗಂಡ. ಹೆಂಗಸರಿಗೆ ಬಸ್ಸು ಪುಕ್ಕಟೆಯಾಗಿ ಗಂಡಸರಿಗೆ ಸೀಟಿಲ್ಲ ಎಂದು ಒಬ್ಬನ ಗೋಳು. ಓದುತ್ತ ಓದುತ್ತ ಅವಳ ಮುಖ ಕೆಂಪಾಗುತ್ತದೆ. ನನಗೆ ಏನೂ ಆಗುವುದಿಲ್ಲ. ಮಗ ಸತ್ತ ಮೇಲೆ ಯಾವುದೂ ಒಳಗೆ ಇಳಿಯುವುದಿಲ್ಲ.

"ಸ್ತ್ರೀವಾದ ಅಂದ್ರ ಗಂಡಸರನ್ನ ಬೈಯೋದಲ್ಲ ಅಜ್ಜಿ. ನಮ್ದು ನಮಗಿರ್ಲಿ ಅನ್ನೋದು, ಅಷ್ಟ."

"ನಿಂದೇನೈತಿ ಇರಾಕ?"

"ನಮ್ಮಪ್ಪನ ಹೊಲ ಐತೆಲ್ಲ."

ಗುಡೇಕೋಟೆ ಗುಡ್ಡದ ಬುಡದಲ್ಲಿ ನಮ್ಮದು ನಾಲ್ಕು ಎಕರೆ, ಅರ್ಧ ಕಲ್ಲು. ಶೇಂಗಾ ಬಲಿತಾಗ ಕರಡಿ ಇಳಿಯುತ್ತದೆ. ಅದರಲ್ಲಿ ಎರಡೆಕರೆ ಅವಳಪ್ಪನ ಪಾಲು. ಉಳುವವನು ನನ್ನ ಕಿರಿಯ ಮಗ. ಅವಳ ಮದುವೆಗೆ ಮೊದಲೇ ಬರೆಸಿಕೊಂಡುಬಿಡಬೇಕು, ಇಲ್ಲದಿದ್ದರೆ ಬರುವ ಅಳಿಯ ಬಾಯಿ ಹಾಕುತ್ತಾನೆ ಎಂದು ಅವನ ಲೆಕ್ಕ. ಅವಳಿಗೆ ಹೇಳಿದ್ದು ಮಾತ್ರ, ಕೂಡ್ಲಿಗಿಯಲ್ಲಿ ಏನೋ ಒಂದು ಸಹಿ ಇದೆ ಬಾ ಎಂದು.

"ಉಡಿ ನೀನ ತುಂಬವ್ವ," ಅಂದ ನನಗೆ. "ನಿನ್ ಕೈಯಾಗಿಂದಾದ್ರ ಆಕಿ ಇಲ್ಲ ಅನ್ನಂಗಿಲ್ಲ."

ಕೂಡ್ಲಿಗಿಯ ನೋಂದಣಿ ಕಚೇರಿಯ ಜಗಲಿಯ ಮೇಲೆ ನಾನೇ ಉಡಿ ತುಂಬಿದೆ. ಅವಳು ವೇಲು ಒಡ್ಡಿ ಇಸಿದುಕೊಂಡಳು, ಕಾಲಿಗೆ ಬಿದ್ದಳು. ಚಿಕ್ಕಪ್ಪ ಕಾಗದ ಕೊಟ್ಟ. ಅವಳು ನಿಂತಲ್ಲೇ ಮೊದಲಿಂದ ಕೊನೆಯವರೆಗೆ ಓದಿದಳು. ನಮ್ಮ ಮನೆಯಲ್ಲಿ ಅಂಥ ಕಾಗದವನ್ನು ಯಾವ ಹೆಂಗಸೂ ಓದಿದ್ದಿಲ್ಲ.

"ಇದಕ್ಕ ನಾ ಸಹಿ ಮಾಡಂಗಿಲ್ಲ ಕಾಕಾ."

"ಏನಲೇ! ಈಗರ ಉಡಿ ತುಂಬಿಸ್ಕೊಂಡಿ!"

"ಅಜ್ಜಿ ಕೊಟ್ಲು, ಇಸ್ಕೊಂಡೆ. ಹೊಲದ ಬೆಲಿ ಅಂತ ಮೊದ್ಲ ಹೇಳಿದ್ರ ವೇಲ ಒಡ್ಡತಿದ್ದಿಲ್ಲ."

ಪಕ್ಕದಲ್ಲಿ ಕೂತಿದ್ದ ಯಾರದೋ ಮನೆಯ ಹೆಂಗಸು ಬಾಯಿಗೆ ಸೆರಗು ಹಿಡಿದು ನಕ್ಕಳು. "ಎಪ್ಪಾ, ಉಡಿನೂ ಆಕಿಗೆ, ಹೊಲನೂ ಆಕಿಗೆ! ಶ್ಯಾಣ್ಯಾಕಿ ಅದಾಳ ಬಿಡ್ರಿ."

ಮಗನಿಗೆ ಏನು ಮಾಡಬೇಕೆಂದೇ ತಿಳಿಯಲಿಲ್ಲ. ತುಂಬಿದ ಉಡಿಯನ್ನು ತಿರುಗಿ ಕೇಳಿದರೆ ಮನೆಗೆ ಕೇಡು. ಸಹಿ ಆದಮೇಲೆ ತುಂಬಿದ್ದರೆ ಸೀರೆಯಾದರೂ ಉಳಿಯುತ್ತಿತ್ತು. ಅವಳು ಅಕ್ಕಿಯನ್ನು ವೇಲಿನಲ್ಲಿ ಗಂಟು ಕಟ್ಟಿಕೊಂಡು ಹರಪನಹಳ್ಳಿ ಬಸ್ಸು ಹತ್ತಿದಳು.

"ಇದಕ್ಕ ಓದಿಸಿದ್ದೇನವ್ವ ಆಕೀನ?"

"ಹೂಂ. ಓದಿಸಿದ್ವಿ. ಓದಿದ್ಲು," ಅಂದೆ.

ಎಂಟು ದಿನ ಬಿಟ್ಟು ಒಂದು ಮಧ್ಯಾಹ್ನ ಮಗ ಅವಳಿಗೆ ಫೋನು ಹಚ್ಚಿ ನನ್ನ ಕೈಗೆ ಕೊಟ್ಟ. "ಅಳವ್ವ. ನಾ ಸಾಯೋದ್ರಾಗ ಸಹಿ ಮಾಡಿ ಕೊಟ್ಟುಬಿಡು ಅನ್ನು. ನೀ ಅತ್ರ ಆಕಿ ಮಾಡ್ತಾಳ."

ಅದು ನಿಜ. ನಾನು ಅತ್ತರೆ ಮಾಡುತ್ತಾಳೆ. ಅವಳು ಓದಿದ ಪೇಪರ್ ಅಷ್ಟೂ ಆಗ ಕೆಲಸಕ್ಕೆ ಬರುವುದಿಲ್ಲ. ನನಗೂ ಗೊತ್ತು, ಅವನಿಗೂ ಗೊತ್ತು.

"ಅಜ್ಜಿ?"

"ಸಾಲಿ ಬಿಡ್ತೇನು?"

"ಇಲ್ಲ, ಇನ್ನಾ ಐತಿ. ಕಾಕಾ ಬೈಯಾಕತ್ತಾನೇನು?"

"ಬೈತಾನ. ಆತಗ ಬ್ಯಾರೆ ಏನು ಕೆಲ್ಸ."

ಮಗ ಎದುರು ನಿಂತು, ಕಣ್ಣು ಒರೆಸಿಕೊಳ್ಳುವ ಹಾಗೆ ಸನ್ನೆ ಮಾಡಿ ತೋರಿಸಿದ. ಹೆಂಗಸಿಗೆ ಅಳುವುದನ್ನು ಗಂಡಸು ಕಲಿಸಿದ್ದನ್ನು ಅವತ್ತು ಕಂಡೆ.

"ನೀ ಏನಂತಿ ಅಜ್ಜಿ?" ಅವಳ ದನಿ ಸಣ್ಣಗಾಗಿತ್ತು. "ನೀ ಹೇಳಿದ್ರ ಮಾಡ್ತೀನಿ."

ಅಳು ಬರಲಿಲ್ಲ. ತರಿಸಿಕೊಳ್ಳಬಹುದಿತ್ತು.

"ಮಾಡಬ್ಯಾಡ," ಅಂದೆ.

ಮಗ ಫೋನು ಕಸಿದುಕೊಂಡ. "ಈ ವಯಸ್ಸಿನಾಗ ನಿನಗ್ಯಾಕಬೇಕಿತ್ತವ್ವ ಇದು?" ಅಂತ ಕೇಳಿದ. ನನಗೆ ಹೆಮ್ಮೆಯೂ ಅನ್ನಿಸಲಿಲ್ಲ, ಹೆದರಿಕೆಯೂ ಆಗಲಿಲ್ಲ.

ಅವತ್ತಿನಿಂದ ಮಗ ನನ್ನೊಡನೆ ಮಾತು ಬಿಟ್ಟಿದ್ದಾನೆ. ಸೊಸೆ ತಾಟನ್ನು ಸದ್ದು ಮಾಡಿ ಇಡುತ್ತಾಳೆ. ಉಣ್ಣುತ್ತೇನೆ.