ಸಾಣೆಪುಡಿಯ ಕಂಬಳಿ

ತೊಂಬತ್ತರ ದಶಕದ ಕೊನೆಯಲ್ಲಿ, ಹಿರಿಯೂರಿನ ನಮ್ಮ ಮನೆಯ ಹಿಂದಿನ ಚಪ್ಪರದಲ್ಲಿ ನನ್ನ ಗಂಡ ಸಾಣೆ ಹಿಡಿಯುತ್ತಿದ್ದರು. ಉಣ್ಣೆ ತೆಗೆಯುವ ಕಾಲ ಬಂತೆಂದರೆ ಐಮಂಗಲ, ಆದಿವಾಲದ ಕುರಿಗಾರರು ಕತ್ತರಿಗಳನ್ನು ತರುತ್ತಿದ್ದರು. ಕರೆಂಟಿನ ಸಾಣೆಕಲ್ಲು ತಿರುಗಿದರೆ ಕಬ್ಬಿಣದ ಪುಡಿ ಅಡುಗೆಮನೆಯವರೆಗೂ ಬರುತ್ತಿತ್ತು. ಮಗಳು ಹುಟ್ಟಿದ ಮೇಲೆ ಅವರು ಕರಿ ಕಂಬಳಿಯೊಂದನ್ನು ನೀರಲ್ಲಿ ಅದ್ದಿ, ಕಲ್ಲಿನ ಹಿಂದೆ ಇಳಿಬಿಟ್ಟರು. ಹಾರಿದ ಪುಡಿ ಅದಕ್ಕೆ ಅಂಟಿಕೊಳ್ಳುತ್ತಿತ್ತು. ಅದನ್ನು ಒಣಗಲು ಬಿಡದೆ ಹಿತ್ತಲ ಗುಂಡಿಯ ಬಳಿ ಜಾಲಿಸುತ್ತಿದ್ದರು.

ಒಂದು ಬೆಳಿಗ್ಗೆ ಬಟ್ಟೆ ಹಿಂಡಿ ಅಂಗಳಕ್ಕೆ ಬಂದೆ. ಎಣ್ಣೆನೀರು ಹಾಕಿದ ಕೂಸನ್ನು ಅತ್ತೆ ಎಳೆಬಿಸಿಲಿಗೆ ಮಲಗಿಸಿದ್ದರು. ಕೂಸಿನ ಕೆನ್ನೆ, ರೆಪ್ಪೆ ಪುಡಿ ಅಂಟಿ ಮಿಣಮಿಣ ಹೊಳೆಯುತ್ತಿದ್ದವು. ಅಡಿಯಲ್ಲಿ ಆ ಕಂಬಳಿ. ಒದ್ದೆಯಾಗಿ ನೇತಾಡುತ್ತಿದ್ದುದನ್ನು ಕಂಡು ಒಣಗಿಸಿ ಹಾಸಿದ್ದರು. ಕರಿ ಕಂಬಳಿಯಲ್ಲಿ ಕರಿ ಪುಡಿ ಯಾರಿಗೂ ಕಾಣುವಂತಿರಲಿಲ್ಲ.

ಕೂಸು ಕಣ್ಣುಜ್ಜಲು ಮುಷ್ಟಿ ಎತ್ತಿತು. ನಾನು ಅದರ ಎರಡೂ ಕೈ ಹಿಡಿದೆ. ಅತ್ತೆ ಒರೆಸಲು ಸೆರಗು ಎತ್ತಿದರು.

"ಒರೆಸಬ್ಯಾಡ್ರಿ ಅತ್ತೆ, ಕಣ್ಣು ಗೀರ್ತೈತೆ."

ಗಂಡ ಓಡಿ ಬಂದು ಕೈ ಚಾಚಿದರು. ತಮ್ಮ ಕಪ್ಪು ಬೆರಳುಗಳನ್ನು ನೋಡಿಕೊಂಡು ಹಿಂದೆ ಸರಿದರು. ಕಾಯಿಸಿ ಆರಿಸಿದ ನೀರನ್ನು ಕಣ್ಣಿಂದ ಕಿವಿಯ ಕಡೆಗೆ ಹರಿಯುವಂತೆ ನಿಧಾನವಾಗಿ ಸುರಿದೆ. ಆಮೇಲೆ ಆಟೋದಲ್ಲಿ ಕಣ್ಣಿನ ಡಾಕ್ಟರ ಬಳಿಗೆ. ಅವರು ರೆಪ್ಪೆ ಬಿಡಿಸಿ, ಟಾರ್ಚ್ ಹಿಡಿದು ಬಹಳ ಹೊತ್ತು ನೋಡಿದರು.

"ಒಳಗೇನೂ ಇಲ್ಲಮ್ಮ. ಒರೆಸದೇ ಇದ್ದದ್ದು ಒಳ್ಳೇದಾಯ್ತು."

ಮನೆಗೆ ಬಂದ ಮೇಲೆ ಅತ್ತೆಗೆ ಮಾತು ಬಂತು. "ಕೂಸಿಗೆ ಬೆಚ್ಚಗಿರ್ಲಿ ಅಂತ ಹಾಸ್ದೆ. ಇವ್ನು ಅದ್ರಾಗೆ ಕಬ್ಣ ಬಿತ್ಯಾನೆ ಅಂತ ನಂಗೇನು ಗೊತ್ತು?"

ಅಷ್ಟಕ್ಕೇ ಬಿಡಲಿಲ್ಲ. ಹಳೇ ರೇಡಿಯೊದ ಸ್ಪೀಕರಿನಿಂದ ಬಿಚ್ಚಿಟ್ಟಿದ್ದ ಅಯಸ್ಕಾಂತವನ್ನು ತಂದು ಕೂಸಿಗೆ ದೃಷ್ಟಿ ತೆಗೆದರು.

"ಮೆಣಸಿನಕಾಯಿ ಎಲ್ಲವ್ವ?" ಗಂಡ ಕೇಳಿದರು.

"ಕಬ್ಣದ ದೃಷ್ಟಿಗೆ ಇದೇ ಸೈ. ನೋಡ್ಲೇ ಎಷ್ಟಿತ್ತು." ಕೂಸಿನ ಅಂಗಿಯ ಅಂಚಿನಿಂದ ನಾಲ್ಕಾರು ಕಣ ನಿಜಕ್ಕೂ ಅಯಸ್ಕಾಂತಕ್ಕೆ ಬಂದಿದ್ದವು.

"ಸಾಣೆಕಲ್ಲು ಸವೆದ ಪುಡಿ ಅಯಸ್ಕಾಂತಕ್ಕೆ ಅಂಟಲ್ಲವ್ವ."

ಅತ್ತೆ ಯೋಚಿಸಿದರು. ಪೆಟ್ಟಿಗೆ ತೆಗೆದು ಮಾವನವರ ಬಿಳಿ ಪಂಚೆಯೊಂದನ್ನು ಕೊಟ್ಟರು. "ಇದನ್ನ ಅದ್ದಿ ಕಟ್ಟು. ಇದ್ರಾಗಾದ್ರೆ ನನ್ನ ಕಣ್ಣಿಗೂ ಕಾಣ್ತೈತೆ."

ಮರುದಿನ ಕತ್ತರಿ ತಂದ ಕುರಿಗಾರರೊಬ್ಬರು ಕಲ್ಲಿನ ಹಿಂದೆ ಇಳಿಬಿಟ್ಟ ಬಿಳಿ ಪಂಚೆ ನೋಡಿ ಕೇಳಿದರು. "ಏನಪ್ಪ, ಸಾಣೆಕಲ್ಲಿಗೆ ಮದುವೇನಾ?"

ಅಂದಿನಿಂದ ಸಂಜೆ ಸ್ನಾನ ಮಾಡಿ, ಅಂಗಿ ಬದಲಿಸಿದರೂ ಗಂಡ ಹೊಸ್ತಿಲಾಚೆಯೇ ಕೈಚಾಚಿ ನಿಲ್ಲಬೇಕಾಗಿತ್ತು. ಅತ್ತೆ ಉಗುರಿನ ಸಂದುಗಳನ್ನು ಬೆಳಕಿಗೆ ಹಿಡಿದು ನೋಡಿ, ಆಮೇಲೆ ಕೂಸನ್ನು ಕೊಡುತ್ತಿದ್ದರು.